ಆಗಸ್ಟ್‌ಗೆ ಹೋಗಬೇಕಿದ್ದವಳು ಜನವರಿಗೆ ಹೊರಟಿದ್ದು: ಒಂದು ವಿದ್ಯಾರ್ಥಿ ವೀಸಾ ಪ್ರಕರಣ

ಇದು 2025ರಲ್ಲಿ ಅಮೆರಿಕಕ್ಕೆ ಎಂ.ಎಸ್. ಓದಲು ಹೊರಟಿದ್ದ ಒಬ್ಬ ಹುಡುಗಿಯ ಪ್ರಕರಣ. ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರ ಮನೆಯವಳು. ದಾವಣಗೆರೆಯಲ್ಲಿ ನಾನು ಪಾಠ ಮಾಡುವ ಎಂಜಿನಿಯರಿಂಗ್ ಕಾಲೇಜಿನಲ್ಲೇ ಬಿ.ಇ. ಮುಗಿಸಿದಳು. ಮುಂದೆ ಓದಲು ಹೋಗುವ ಮಕ್ಕಳ ಕಾಗದಪತ್ರ ನೋಡಿಕೊಳ್ಳುವ ಜವಾಬ್ದಾರಿ ನಮ್ಮಲ್ಲಿ ಕೆಲವರಿಗಿದೆ. ಹಾಗಾಗಿ ಮೊದಲಿನಿಂದ ಕೊನೆಯವರೆಗೂ ಜೊತೆಗಿದ್ದೆ. ಅವಳ ಮತ್ತು ಅವಳ ಅಪ್ಪನ ಒಪ್ಪಿಗೆ ಪಡೆದು, ಹೆಸರುಗಳನ್ನು ಬಿಟ್ಟು ಬರೆಯುತ್ತಿದ್ದೇನೆ.

ಆ ಬೇಸಿಗೆಯಲ್ಲಿ ವೀಸಾಗಾಗಿ ಕಾದವರು ಇವಳೊಬ್ಬಳೇ ಅಲ್ಲ. 2023-24ರ ಲೆಕ್ಕದಲ್ಲಿ ಅಮೆರಿಕದಲ್ಲಿ ಓದುತ್ತಿದ್ದ ಭಾರತೀಯ ವಿದ್ಯಾರ್ಥಿಗಳು 3,31,602. ಚೀನಾವನ್ನೂ ದಾಟಿ ಮೊದಲ ಸ್ಥಾನಕ್ಕೆ ಬಂದಿದ್ದೆವು. 2025ರ ಆಗಸ್ಟ್‌ನಲ್ಲಿ ವಿದ್ಯಾರ್ಥಿ ವೀಸಾದ ಮೇಲೆ ಅಲ್ಲಿ ಹೋಗಿ ಇಳಿದ ಭಾರತೀಯರು ಹಿಂದಿನ ವರ್ಷದ ಆಗಸ್ಟ್‌ಗಿಂತ ಸುಮಾರು ಶೇ 44ರಷ್ಟು ಕಡಿಮೆ. ಹೋಗದೆ ಉಳಿದವರ ಮನೆಗಳಲ್ಲಿ ಏನು ನಡೆಯಿತು ಅನ್ನೋದು ಆ ಅಂಕಿಯಲ್ಲಿ ಕಾಣುವುದಿಲ್ಲ. ಈ ಮನೆಯಲ್ಲಿ ನಡೆದದ್ದು ಬೇರೆಯವರಿಗೂ ದಾರಿ ತೋರಿಸುತ್ತೆ ಅಂತ ನನಗೆ ಬಲವಾಗಿ ಅನ್ನಿಸಿದೆ. ಇವರು ಸುಮ್ನೆ ಕಾಯಲಿಲ್ಲ. ಎಲ್ಲಿವರೆಗೆ ಕಾಯೋದು, ಆಮೇಲೆ ಏನು ಮಾಡೋದು ಅಂತ ಮೊದಲೇ ಕೂತು ತೀರ್ಮಾನ ಮಾಡಿಕೊಂಡರು.

ಮೇ ತಿಂಗಳ ಹೊತ್ತಿಗೆ

ಟೆಕ್ಸಾಸ್‌ನ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತ್ತು. ತರಗತಿ ಆಗಸ್ಟ್ ಕೊನೆಯ ವಾರಕ್ಕೆ. ವಿಶ್ವವಿದ್ಯಾಲಯ ಐ-20, ಅಂದರೆ ಸೀಟು ಖಚಿತಪಡಿಸುವ ಅಧಿಕೃತ ಪತ್ರ, ಕೊಟ್ಟರೆ ಮಾತ್ರ ವೀಸಾಗೆ ಅರ್ಜಿ ಹಾಕಬಹುದು. ಐ-20 ಬೇಕಾದರೆ ಮೊದಲ ವರ್ಷದ ಖರ್ಚಿಗೆ ದುಡ್ಡಿದೆ ಅಂತ ತೋರಿಸಬೇಕು. ದುಡ್ಡು ತೋರಿಸಲು ಬ್ಯಾಂಕಿನ ಸಾಲ ಮಂಜೂರಾತಿ ಪತ್ರ ಬೇಕು. ನಮ್ಮ ಕಡೆಯ ಮಕ್ಕಳಿಗೆ ತಡ ಶುರುವಾಗುವುದು ಹೆಚ್ಚಾಗಿ ಇಲ್ಲೇ.

ಈ ಮನೆಗೆ ತೋಟ ಇದೆ, ಚೆನ್ನಾಗಿಯೇ ಇದೆ. ಆದರೆ ಕೃಷಿ ಜಮೀನನ್ನು ಶಿಕ್ಷಣ ಸಾಲಕ್ಕೆ ಅಡಮಾನ ತಗೊಳ್ಳಲು ಬ್ಯಾಂಕ್‌ಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಸಾಲ ತೀರದಿದ್ದರೆ ಆಸ್ತಿ ವಶಕ್ಕೆ ತಗೊಳ್ಳಲು ಅವರು ಬಳಸುವ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ, ಅದೇ ಕಾರಣ. ನಾಲ್ಕು ಎಕರೆ ಫಸಲಿನ ತೋಟ ಇಟ್ಟುಕೊಂಡು ದಾವಣಗೆರೆಯ ಒಂದು ಚಿಕ್ಕ ಸೈಟನ್ನು ಅಡ ಇಡಬೇಕಾಯಿತು. ಸೈಟಿನ ಇ-ಖಾತಾ, ಋಣಭಾರ ಪ್ರಮಾಣಪತ್ರ, ವಕೀಲರ ಅಭಿಪ್ರಾಯ, ಎಂಜಿನಿಯರ್ ಬೆಲೆ ಕಟ್ಟುವುದು, ಹೀಗೆ ಒಂದಾದ ಮೇಲೊಂದು. ಮಂಜೂರಾತಿ ಕೈಗೆ ಬಂದಾಗ ಏಪ್ರಿಲ್.

ಜೊತೆಗೆ ಹೆಸರಿನ ತೊಂದರೆ. ಅಂಕಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಎರಡು ಇನಿಶಿಯಲ್. ಹಳೆಯ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ. ಕರ್ನಾಟಕದ ಎಷ್ಟೋ ಮನೆಗಳಲ್ಲಿ ಅಡ್ಡಹೆಸರು ಬಳಕೆಯಲ್ಲೇ ಇಲ್ಲ. ಊರಿನ ಹೆಸರು, ಅಪ್ಪನ ಹೆಸರು ಇನಿಶಿಯಲ್ ಆಗಿ ಉಳಿದಿರುತ್ತವೆ. ಪಾಸ್‌ಪೋರ್ಟ್ ಮರುವಿತರಣೆಗೆ ಹಾಕಿ, ಪೊಲೀಸ್ ಪರಿಶೀಲನೆ ಮುಗಿದು, ಹೊಸದು ಬಂದಾಗ ಮೇ ಮಧ್ಯ. ವೀಸಾ ಅರ್ಜಿ ಅಂದರೆ ಡಿಎಸ್-160, ಅದಕ್ಕೆ ಪಾಸ್‌ಪೋರ್ಟ್ ಸಂಖ್ಯೆ ಬೇಕೇ ಬೇಕು. ವಿದೇಶಿ ವಿದ್ಯಾರ್ಥಿಗಳ ದಾಖಲೆ ಇಡುವ ಅಮೆರಿಕ ಸರ್ಕಾರದ ವ್ಯವಸ್ಥೆ ಸೆವಿಸ್, ಅದರ ಶುಲ್ಕ 350 ಡಾಲರ್, ವೀಸಾ ಶುಲ್ಕ 185 ಡಾಲರ್, ಎರಡನ್ನೂ ಕಟ್ಟಿದಳು. ಸಂದರ್ಶನಕ್ಕೆ ಸ್ಲಾಟ್ ಹುಡುಕಬೇಕು ಅನ್ನುವಷ್ಟರಲ್ಲಿ ಮೇ 27 ಬಂತು.

ಅವತ್ತು ಅಮೆರಿಕದ ವಿದೇಶಾಂಗ ಇಲಾಖೆ ಜಗತ್ತಿನ ಎಲ್ಲ ದೂತಾವಾಸಗಳಿಗೂ ಆದೇಶ ಕಳಿಸಿತು. ವಿದ್ಯಾರ್ಥಿಗಳ ಎಫ್, ಎಂ, ಜೆ ವೀಸಾಗಳಿಗೆ ಹೊಸ ಸಂದರ್ಶನದ ದಿನಾಂಕ ಕೊಡಬೇಡಿ, ಸಾಮಾಜಿಕ ಜಾಲತಾಣಗಳ ಪರಿಶೀಲನೆ ಹೆಚ್ಚಿಸುವ ತಯಾರಿ ನಡೆದಿದೆ ಅಂತ. ಮೊದಲೇ ದಿನಾಂಕ ಸಿಕ್ಕಿದವರಿಗೆ ತೊಂದರೆ ಆಗಲಿಲ್ಲ. ಅವಳದೇ ತರಗತಿಯ ಇನ್ನೊಬ್ಬ ಹುಡುಗ ಮೇ ಆರಂಭದಲ್ಲೇ ಸ್ಲಾಟ್ ಹಿಡಿದಿದ್ದ. ಜೂನ್‌ನಲ್ಲಿ ವೀಸಾ ಮುಗಿಸಿ ಆಗಸ್ಟ್‌ಗೆ ಹೊರಟ. ಇಬ್ಬರ ಅಂಕ, ಇಬ್ಬರ ತಯಾರಿ ಹೆಚ್ಚುಕಡಿಮೆ ಒಂದೇ.

ಸ್ಲಾಟ್ ಹುಡುಕಾಟ

ಜೂನ್ 18ಕ್ಕೆ ಸ್ಲಾಟ್ ಕೊಡುವುದು ಮತ್ತೆ ಶುರುವಾಗುತ್ತೆ ಅಂತ ಪ್ರಕಟಣೆ ಬಂತು. ಜೊತೆಗೆ ಹೊಸ ಷರತ್ತು: ವಿದ್ಯಾರ್ಥಿ ವೀಸಾ ಅರ್ಜಿದಾರರು ತಮ್ಮ ಜಾಲತಾಣದ ಖಾತೆಗಳನ್ನೆಲ್ಲ ಸಾರ್ವಜನಿಕ ಮಾಡಿಡಬೇಕು.

ಶುರುವಾಯಿತು ನಿಜ, ಆದರೆ ಸ್ಲಾಟ್ ಸಿಗುವುದು ದುಸ್ತರವಾಯಿತು. ಯಾವ ಹೊತ್ತಿಗೆ ಬಿಡುತ್ತಾರೋ ಗೊತ್ತಿಲ್ಲ. ಬಿಟ್ಟ ಕೆಲವೇ ನಿಮಿಷಕ್ಕೆ ಖಾಲಿ. ಟೆಲಿಗ್ರಾಂ ಗುಂಪುಗಳಲ್ಲಿ ಯಾರೋ ರಾತ್ರಿ ಎರಡಕ್ಕೆ 'ಹೈದರಾಬಾದ್ ಕಾಣ್ತಿದೆ' ಅಂತ ಹಾಕುತ್ತಾರೆ, ಇವಳು ಎದ್ದು ನೋಡುವ ಹೊತ್ತಿಗೆ ಏನೂ ಇಲ್ಲ. ಜಾಸ್ತಿ ಸಲ ತೆರೆದು ನೋಡಿದರೆ ಖಾತೆಯೇ ಕೆಲವು ದಿನ ಲಾಕ್ ಆಗುತ್ತೆ. ಇವಳ ಖಾತೆಯೂ ಒಮ್ಮೆ ಲಾಕ್ ಆಯಿತು. ನಿದ್ದೆ ಕೆಟ್ಟಿತು, ಊಟ ಬಿಟ್ಟಳು, ಫೋನ್ ಕೈಯಿಂದ ಇಳಿಯಲಿಲ್ಲ.

ಈ ಹೊತ್ತಿಗೆ ಏಜೆಂಟರು ಬಂದರು. 'ನಿಮ್ಮ ಲಾಗಿನ್ ಪಾಸ್‌ವರ್ಡ್ ಕೊಡಿ, ಸ್ಲಾಟ್ ಹಿಡಿದು ಕೊಡ್ತೀವಿ' ಅಂತ ಹತ್ತಾರು ಸಾವಿರ ಕೇಳುವವರು. ಮನೆಯವರು ಕೊಟ್ಟುಬಿಡೋಣ ಅಂದರು. ನಾನು ಖಂಡಿತ ಬೇಡ ಅಂದೆ. ಅದೇ ವರ್ಷ ಮಾರ್ಚ್‌ನಲ್ಲಿ ಭಾರತದಲ್ಲಿನ ಅಮೆರಿಕ ರಾಯಭಾರ ಕಚೇರಿ, ತಾನಾಗಿ ಸ್ಲಾಟ್ ಹಿಡಿಯುವ ಸಾಫ್ಟ್‌ವೇರ್‌ಗಳು, ಅಂದರೆ ಬಾಟ್‌ಗಳು ಬುಕ್ ಮಾಡಿದ್ದ ಸುಮಾರು 2,000 ಅಪಾಯಿಂಟ್‌ಮೆಂಟ್‌ಗಳನ್ನು ಒಂದೇ ಏಟಿಗೆ ರದ್ದು ಮಾಡಿ, ಆ ಖಾತೆಗಳನ್ನೂ ತಡೆಹಿಡಿದಿತ್ತು. ದುಡ್ಡು ಹೋದರೆ ಹೋಗಲಿ ಅನ್ನಬಹುದು. ಖಾತೆಯೇ ಹೋದರೆ ಆ ವರ್ಷದ ಕಥೆ ಮುಗಿದ ಹಾಗೆ. ಅಷ್ಟೇ ಅಲ್ಲ, ಆ ಖಾತೆಯಲ್ಲಿ ಪಾಸ್‌ಪೋರ್ಟ್ ವಿವರ, ಮನೆ ವಿಳಾಸ, ಫೋನ್ ನಂಬರ್ ಎಲ್ಲ ಇರುತ್ತೆ. ಗುರುತಿಲ್ಲದವನ ಕೈಗೆ ಒಬ್ಬ ಹೆಣ್ಣುಮಗಳ ಇಷ್ಟು ವಿವರ ಯಾಕೆ ಕೊಡಬೇಕು?

ಬದಲಿಗೆ ಹುಡುಕುವ ಕೆಲಸ ಹಂಚಿಕೊಂಡರು. ಬೆಳಿಗ್ಗೆ ಅವಳು, ಸಂಜೆ ಬೆಂಗಳೂರಿನಲ್ಲಿದ್ದ ಅವಳ ಅಣ್ಣ. ರಾತ್ರಿ ಹನ್ನೊಂದರ ಮೇಲೆ ಯಾರೂ ನೋಡಬಾರದು. ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಜನವರಿಯಲ್ಲಿ ಉದ್ಘಾಟನೆ ಆಗಿತ್ತು, ಆದರೆ ವೀಸಾ ಕೆಲಸ ಅಲ್ಲಿ ಶುರುವಾಗಿರಲಿಲ್ಲ. ಕರ್ನಾಟಕದವರು ಚೆನ್ನೈಗೋ ಹೈದರಾಬಾದ್‌ಗೋ ಮುಂಬೈಗೋ ಹೋಗಬೇಕು. ಬೆರಳಚ್ಚಿಗೆ ಒಂದು ದಿನ, ಸಂದರ್ಶನಕ್ಕೆ ಇನ್ನೊಂದು ದಿನ. ಎಲ್ಲಿ ಸಿಕ್ಕರೂ ಸರಿ ಅಂತ ನೋಡಿದರು. ಜುಲೈ ಕೊನೆಗೆ ಒಂದು ದಿನಾಂಕ ಸಿಕ್ಕಿತು.

ಅಪ್ಪ ಹೇಳಿದ ಮಾತು

ಸ್ಲಾಟ್ ಸಿಗುವ ಮುಂಚೆ ಒಂದು ಭಾನುವಾರ ಅವರ ಮನೆಗೆ ಹೋಗಿದ್ದೆ. ಈ ಪ್ರಕರಣದ ಮುಖ್ಯ ತಿರುವು ಅಲ್ಲೇ ಆಯಿತು.

ಅಮ್ಮ ಕೇಳಿದರು, 'ಬರದೇ ಹೋದ್ರೆ ಏನ್ ಮಾಡೋದು ಸರ್?' ಎಲ್ಲರೂ ಸುಮ್ಮನಾದರು. 'ಹಂಗೆಲ್ಲ ಅನ್ನಬ್ಯಾಡ, ಬರುತ್ತೆ' ಅಂತ ಅಜ್ಜಿ ಗದರಿದರು. ಆಗ ಅಪ್ಪ ಒಂದು ಮಾತು ಹೇಳಿದರು. 'ಸರ್, ನಾವು ಅಡಿಕೆ ಮಂಡಿಗೆ ಹಾಕೋ ಮುಂಚೆ ಮನ್ಯಾಗೆ ಕೂತು ಮಾತಾಡ್ತೀವಿ. ಇಷ್ಟು ರೇಟು ಬಂದ್ರೆ ಕೊಡೋದು. ಬರ್ಲಿಲ್ಲ ಅಂದ್ರೆ ಇಂಥಾ ಹಬ್ಬದ ತನಕ ಕಾಯೋದು. ಅದು ದಾಟಿದ್ರೆ ಬಂದಷ್ಟಕ್ಕೆ ಕೊಟ್ಟುಬಿಡೋದು. ಮಂಡಿ ಮುಂದೆ ನಿಂತ್ಕಂಡು ಯೋಚ್ನೆ ಮಾಡಿದ್ರೆ ತಲೆ ಓಡಲ್ಲ. ಇದಕ್ಕೂ ಹಂಗೇ ಒಂದು ದಿನ ಹಾಕ್ಕಂಬಿಡಾಣ.'

ಎಷ್ಟೋ ವರ್ಷದಿಂದ ಮಕ್ಕಳನ್ನು ಹೊರದೇಶಕ್ಕೆ ಕಳಿಸುವ ಕೆಲಸದಲ್ಲಿದ್ದೇನೆ. ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿದ್ದು ಕೇಳಿರಲಿಲ್ಲ.

ಆ ದಿನ ಯಾವುದು ಅಂತ ಗೊತ್ತುಮಾಡಲು ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿಗಳ ಕಚೇರಿಗೆ ಇಮೇಲ್ ಬರೆದೆವು. ನಾಲ್ಕು ಪ್ರಶ್ನೆ. ತಡವಾಗಿ ಬಂದು ಸೇರಲು ಕೊನೆಯ ದಿನ ಯಾವುದು? ಅದೂ ದಾಟಿದರೆ ಸೀಟನ್ನು ಜನವರಿಗೆ ಮುಂದೂಡಬಹುದಾ? ಮುಂದೂಡಿದರೆ ಸೆವಿಸ್ ಸಂಖ್ಯೆ ಅದೇ ಉಳಿಯುತ್ತಾ? ಕೊಟ್ಟಿರುವ ವಿದ್ಯಾರ್ಥಿವೇತನ ಉಳಿಯುತ್ತಾ? ಮೂರನೆಯದು ಸಣ್ಣ ವಿಷಯ ಅನ್ನಿಸಬಹುದು, ಆದರೆ ತುಂಬಾ ಮುಖ್ಯ. ಅದೇ ಸಂಖ್ಯೆಯಲ್ಲಿ ಆರಂಭದ ದಿನಾಂಕ ಮಾತ್ರ ಬದಲಾದರೆ 350 ಡಾಲರ್ ಮತ್ತೆ ಕಟ್ಟುವ ಹಾಗಿಲ್ಲ, ನಡೆಯುತ್ತಿರುವ ವೀಸಾ ಅರ್ಜಿಯೂ ಮೊದಲಿಂದ ಶುರುವಾಗಬೇಕಿಲ್ಲ. ಸೀಟು ಬಿಟ್ಟು ಹೊಸದಾಗಿ ಅರ್ಜಿ ಹಾಕಿದರೆ ಎಲ್ಲ ಹೊಸದು.

ಉತ್ತರ ಬಂತು. ಸೆಪ್ಟೆಂಬರ್ ಮೊದಲ ವಾರದೊಳಗೆ ಕ್ಯಾಂಪಸ್‌ನಲ್ಲಿರಬೇಕು. ಮುಂದೂಡಬಹುದು, ಸೆವಿಸ್ ಸಂಖ್ಯೆ ಅದೇ ಇರುತ್ತೆ. ವಿದ್ಯಾರ್ಥಿವೇತನದ ಬಗ್ಗೆ ವಿಭಾಗವನ್ನು ಕೇಳಿ. ಅಲ್ಲಿಂದ ಹಿಂದಕ್ಕೆ ಎಣಿಸಿದೆವು. ವೀಸಾ ಮುದ್ರಣವಾಗಿ ಪಾಸ್‌ಪೋರ್ಟ್ ಕೈಗೆ ಬರಲು ಒಂದು ವಾರ, ಬ್ಯಾಂಕ್ ದುಡ್ಡು ಕಳಿಸಲು ಕೆಲವು ದಿನ, ಟಿಕೆಟ್, ಪ್ರಯಾಣ. ಆಗಸ್ಟ್ 20 ಅಂತ ಬಂತು. ಅಪ್ಪ ಗೋಡೆಯ ಮೇಲಿನ ಕ್ಯಾಲೆಂಡರ್‌ನಲ್ಲಿ ಆ ದಿನಕ್ಕೆ ಪೆನ್ನಿನಲ್ಲಿ ಸುತ್ತು ಹಾಕಿದರು. ಅವತ್ತಿನ ಸಂಜೆಯೊಳಗೆ ವೀಸಾ ಮಂಜೂರಾದರೆ ಹೊರಡೋದು, ಇಲ್ಲದಿದ್ದರೆ ಜನವರಿ. ಇನ್ನೆರಡು ದಿನ ನೋಡೋಣ ಅನ್ನುವ ಮಾತೇ ಇಲ್ಲ.

ಇದರಿಂದ ಇನ್ನೊಂದು ಲಾಭವಾಯಿತು. ವೀಸಾ ಬರುವ ಮುಂಚೆ ಏನನ್ನು ಮುಟ್ಟಬಾರದು ಅನ್ನೋದೂ ಸ್ಪಷ್ಟವಾಯಿತು. ಸಾಲದ ಒಂದು ರೂಪಾಯಿಯನ್ನೂ ಬಿಡುಗಡೆ ಮಾಡಿಸಲಿಲ್ಲ. ಬಡ್ಡಿ ಓಡುವುದು ಬಿಡುಗಡೆಯಾದ ಮೊತ್ತದ ಮೇಲೆ, ಮಂಜೂರಾದ ಮೊತ್ತದ ಮೇಲಲ್ಲ. ಅಲ್ಲಿ ಮನೆ ಬಾಡಿಗೆಯ ಕರಾರಿಗೆ ಸಹಿ ಹಾಕಲಿಲ್ಲ. ಅವಳ ಜೊತೆ ಮನೆ ಹಂಚಿಕೊಳ್ಳಲು ಇದ್ದ ತೆಲುಗಿನ ಹುಡುಗಿಯರು ಒತ್ತಾಯ ಮಾಡಿದರು. ಒಂದು ವರ್ಷದ ಕರಾರು, ಬರದಿದ್ದರೂ ಬಾಡಿಗೆ ಕಟ್ಟಲೇಬೇಕು. ಅವಳು ಕ್ಷಮೆ ಕೇಳಿ ಹಿಂದೆ ಸರಿದಳು. ಅವರಿಗೆ ಬೇಸರವಾಯಿತು. ಹಣ ವಾಪಸ್ ಬರದ ಅಗ್ಗದ ವಿಮಾನ ಟಿಕೆಟ್ಟನ್ನೂ ತಗೊಳ್ಳಲಿಲ್ಲ.

ಕ್ಯಾಂಪಸ್ ಆಯ್ಕೆಯಲ್ಲಿ ಒಂದು ಕೆಲಸವೂ ಸಿಕ್ಕಿತ್ತು. ಅದನ್ನು ಬಿಡಬೇಕಾ ಇಟ್ಟುಕೊಳ್ಳಬೇಕಾ ಅಂತ ಚರ್ಚೆಯಾಯಿತು. ಜನವರಿಯಲ್ಲಿ ಹೊರಡುವವಳು ಅಕ್ಟೋಬರ್‌ನಲ್ಲಿ ಸೇರಿ ಕಂಪನಿಯ ತರಬೇತಿ ತಗೊಂಡು ಬಿಡುವುದು ಸರಿಯಲ್ಲ ಅಂತ ಅವಳೇ ಬರೆದು ತಿಳಿಸಿದಳು. ನನಗೆ ಅದು ಮೆಚ್ಚುಗೆಯಾಯಿತು. ಮುಂದಿನ ವರ್ಷ ಆ ಕಂಪನಿ ನಮ್ಮ ಕಾಲೇಜಿಗೆ ಬರಬೇಕಲ್ಲವಾ.

ಖಾತೆ ಸಾರ್ವಜನಿಕ ಮಾಡುವ ಸಂಕಟ

ಇದರ ಬಗ್ಗೆ ಹೆಚ್ಚು ಬರೆಯಬೇಕು, ಯಾಕಂದರೆ ಹೆಣ್ಣುಮಕ್ಕಳ ಮನೆಗಳಲ್ಲಿ ಇದು ದೊಡ್ಡ ವಿಷಯ. ಯಾವ ಸಲಹೆಗಾರನೂ ಇದನ್ನು ಮಾತಾಡುವುದಿಲ್ಲ.

ಅವಳದು ಇನ್‌ಸ್ಟಾಗ್ರಾಂ ಖಾತೆ, ಖಾಸಗಿ. ಗೆಳತಿಯರ ಜೊತೆ ಕಾಲೇಜು ಹಬ್ಬದ ಕುಣಿತ, ಅಕ್ಕನ ಮದುವೆಯ ಫೋಟೋಗಳು, ಹಾಸ್ಟೆಲ್ ರೂಮಿನ ತಮಾಷೆ. ಇದನ್ನೆಲ್ಲ ಸಾರ್ವಜನಿಕ ಮಾಡು ಅಂದಾಗ ಅಮ್ಮ ಗಾಬರಿಯಾದರು. 'ಯಾರ್ ಯಾರೋ ಫೋಟೋ ತಗಂಡು ಏನೇನೋ ಮಾಡ್ತಾರಂತೆ, ಟಿವಿಯಾಗೆ ತೋರಿಸ್ತಾರೆ.' ಆ ಭಯ ಸುಳ್ಳಲ್ಲ. ಗೆಳತಿಯರಿಗೂ ತಮ್ಮ ಮುಖ ಎಲ್ಲರಿಗೂ ಕಾಣುವುದು ಬೇಕಿರಲಿಲ್ಲ.

ಕೆಲವರು ಖಾತೆಯನ್ನೇ ಅಳಿಸಿಬಿಡು ಅಂದರು. ನಾನು ಒಪ್ಪಲಿಲ್ಲ. ಡಿಎಸ್-160ರಲ್ಲಿ ಹಿಂದಿನ ಐದು ವರ್ಷ ಬಳಸಿದ ಜಾಲತಾಣದ ಹೆಸರುಗಳನ್ನು ಬರೆಯಬೇಕು. ಅವಳು ಬರೆದಾಗಿತ್ತು. ಅರ್ಜಿಯಲ್ಲಿರುವ ಖಾತೆ ಹುಡುಕಿದಾಗ ಸಿಗದಿದ್ದರೆ ಇಲ್ಲದ ಅನುಮಾನ ಹುಟ್ಟುತ್ತೆ.

ಅವಳು ಮತ್ತು ಅಣ್ಣ ಒಂದು ರಾತ್ರಿ ಕೂತು ಎಲ್ಲವನ್ನೂ ನೋಡಿದರು. ಫೋನ್ ನಂಬರ್, ಊರಿನ ಗುರುತು, ಮನೆಯ ಮುಂಬಾಗಿಲು ಕಾಣುವ ಚಿತ್ರ, ಚಿಕ್ಕ ಮಕ್ಕಳ ಚಿತ್ರ ತೆಗೆದರು. ಗೆಳತಿಯರನ್ನು ಒಬ್ಬೊಬ್ಬರಾಗಿ ಕೇಳಿ, ಬೇಡ ಅಂದವರ ಫೋಟೋ ತೆಗೆದರು. ಖಾತೆ ಸಾರ್ವಜನಿಕವಾದರೂ, ಯಾರು ಸಂದೇಶ ಕಳಿಸಬಹುದು, ಯಾರು ಕಾಮೆಂಟ್ ಹಾಕಬಹುದು, ಯಾರು ಟ್ಯಾಗ್ ಮಾಡಬಹುದು ಅನ್ನೋದಕ್ಕೆ ಬೇರೆ ಸೆಟ್ಟಿಂಗ್ ಇದೆ. ಅದನ್ನು ಗೊತ್ತಿರುವವರಿಗೆ ಮಾತ್ರ ಅಂತ ಮಾಡಿದರು. ಅಭಿಪ್ರಾಯ, ಚರ್ಚೆ, ಹಂಚಿಕೊಂಡ ಸುದ್ದಿ ಇವುಗಳಲ್ಲಿ ಯಾವುದನ್ನೂ ಮುಟ್ಟಲಿಲ್ಲ. ಮಾಡಿದ ಬದಲಾವಣೆಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡಳು, ಕೇಳಿದರೆ ನೇರವಾಗಿ ಹೇಳಲು. ಆಮೇಲೆ ಅಮ್ಮನ ಪಕ್ಕ ಕೂತು, ಬೇರೆಯವರ ಫೋನಿನಿಂದ ತನ್ನ ಖಾತೆ ಹೇಗೆ ಕಾಣುತ್ತೆ ಅಂತ ತೋರಿಸಿದಳು. ಅಮ್ಮನಿಗೆ ಪೂರ್ತಿ ಸಮಾಧಾನ ಆಗಲಿಲ್ಲ, ಆದರೆ ಆಯ್ತು ಅಂದರು.

ಇಪ್ಪತ್ತೆರಡು ವರ್ಷದ ಹುಡುಗಿಯೊಬ್ಬಳು ಓದಲು ಹೋಗುವುದಕ್ಕಾಗಿ ತನ್ನ ಖಾಸಗಿ ಬದುಕನ್ನು ಬೀದಿಗೆ ತೆರೆದಿಡಬೇಕಾಗಿ ಬಂದದ್ದು ನನಗೆ ಇವತ್ತಿಗೂ ನೋವಿನ ಸಂಗತಿ.

ಸಂದರ್ಶನ, ಚೀಟಿ, ಆ ಒಂದು ಪದ

ಸಂದರ್ಶನ ಕೆಲವೇ ನಿಮಿಷ. ಯಾಕೆ ಈ ವಿಶ್ವವಿದ್ಯಾಲಯ, ಯಾರು ದುಡ್ಡು ಕೊಡುತ್ತಾರೆ, ಅಪ್ಪ ಏನು ಮಾಡುತ್ತಾರೆ. ಅಡಿಕೆ ಅಂದರೆ ಏನು ಅಂತ ಒಂದು ಪ್ರಶ್ನೆ ಬಂತಂತೆ, ಅವಳು ಚೆನ್ನಾಗಿಯೇ ವಿವರಿಸಿದಳು. ಕೊನೆಗೆ ಅಧಿಕಾರಿ ಒಂದು ಚೀಟಿ ಕೊಟ್ಟರು. ಅದರಲ್ಲಿ 221(ಜಿ) ಅಂತ ಇತ್ತು. ಅರ್ಜಿಗೆ ಇನ್ನೂ ಆಡಳಿತಾತ್ಮಕ ಪರಿಶೀಲನೆ ಬೇಕು, ಖಾತೆಗಳನ್ನು ಸಾರ್ವಜನಿಕವಾಗಿಯೇ ಇಟ್ಟಿರಿ ಅಂತ ಅದರ ಸಾರಾಂಶ.

ಮರುದಿನ ಅಪ್ಪ ಫೋನ್ ಮಾಡಿದರು, ಗಂಟಲು ಕಟ್ಟಿತ್ತು. 'ಸರ್, ರಿಜೆಕ್ಟ್ ಆತು. ವೆಬ್‌ಸೈಟಿನಾಗೆ ರೆಫ್ಯೂಸ್ಡ್ ಅಂತೈತಿ.'

ವೀಸಾ ಸ್ಥಿತಿ ನೋಡುವ ಪುಟದಲ್ಲಿ 221(ಜಿ) ಆದವರಿಗೂ ಅದೇ ಪದ ಬರುತ್ತೆ. ಕಾನೂನಿನ ಭಾಷೆಯಲ್ಲಿ, ವೀಸಾ ಕೊಡದೆ ಉಳಿಸಿದ್ದೆಲ್ಲ ನಿರಾಕರಣೆಯೇ. ಆದರೆ ನಮ್ಮ ಮಕ್ಕಳು ಹೆದರುವ ನಿರಾಕರಣೆ 214(ಬಿ). ಓದು ಮುಗಿಸಿ ವಾಪಸ್ ಬರುತ್ತಾರೆ ಅನ್ನುವ ನಂಬಿಕೆ ಅಧಿಕಾರಿಗೆ ಬರದಿದ್ದರೆ ಹಾಕುವ ಕಲಮು ಅದು. ಹಾಗಾದರೆ ಮತ್ತೆ ಶುಲ್ಕ ಕಟ್ಟಿ ಹೊಸ ಅರ್ಜಿ ಹಾಕಬೇಕು. 221(ಜಿ)ಯಲ್ಲಿ ಅರ್ಜಿ ಜೀವಂತ. ಪರಿಶೀಲನೆ ಮುಗಿದರೆ ಅದೇ ಅರ್ಜಿಯ ಮೇಲೆ ವೀಸಾ ಬರಬಹುದು. ಇದನ್ನು ಅಪ್ಪನಿಗೆ ಎರಡು ಸಲ ಬಿಡಿಸಿ ಹೇಳಿದೆ. 'ಹಂಗಾರೆ ಇನ್ನೂ ಐತಿ ಅನ್ನಿ' ಅಂದರು.

ಎಷ್ಟು ದಿನ ಹಿಡಿಯುತ್ತೆ ಅನ್ನೋದಕ್ಕೆ ಮಾತ್ರ ಉತ್ತರ ಇಲ್ಲ. ಕೆಲವರಿಗೆ ಒಂದು ವಾರ, ಕೆಲವರಿಗೆ ತಿಂಗಳುಗಟ್ಟಲೆ. ಪದೇ ಪದೇ ಇಮೇಲ್ ಬರೆದರೆ ಬೇಗ ಆಗುವುದಿಲ್ಲ.

ಮನೆಯೊಳಗಿನ ದಿನಗಳು

ಆಗಸ್ಟ್ ಆ ಮನೆಗೆ ಕಷ್ಟದ ತಿಂಗಳಾಗಿತ್ತು. ಶ್ರಾವಣ, ಹಬ್ಬಗಳ ಸಾಲು, ಬಂದವರೆಲ್ಲ ಕೇಳುವುದು ಒಂದೇ, 'ಯಾವಾಗ ಹೊರಡೋದು?' ಅಮ್ಮ ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಪುಳಿಯೋಗರೆ ಗೊಜ್ಜು ಎಲ್ಲ ಮಾಡಿ ಡಬ್ಬಿಗಳಲ್ಲಿ ತುಂಬಿಟ್ಟಿದ್ದರು. ಇವಳು ಜನ ಬಂದರೆ ಮಹಡಿ ಹತ್ತಿ ಹೋಗುತ್ತಿದ್ದಳು. ಸೋದರತ್ತೆಯ ಮನೆಯ ವರಮಹಾಲಕ್ಷ್ಮಿ ಪೂಜೆಗೂ ಹೋಗಲಿಲ್ಲ.

ಅವಳನ್ನು ಜಾಸ್ತಿ ಕುಗ್ಗಿಸಿದ್ದು ಹೊರಗಿನವರಲ್ಲ. ದಿನಕ್ಕೆ ಹತ್ತು ಸಲ ಮನೆಯವರೇ ಕೇಳುತ್ತಿದ್ದ 'ಬಂತಾ?' ಅನ್ನುವ ಪ್ರಶ್ನೆ. ಪ್ರೀತಿಯಿಂದಲೇ ಕೇಳುತ್ತಿದ್ದರು. ಆದರೆ ಪ್ರತಿ ಸಲವೂ ಇಲ್ಲ ಅನ್ನಬೇಕಾದವಳು ಅವಳು. ಒಂದು ದಿನ ಕಾಲೇಜಿಗೆ ಬಂದು ನನ್ನ ಮುಂದೆ ಅತ್ತುಬಿಟ್ಟಳು. 'ಸರ್, ನಾನೇ ಏನೋ ತಪ್ಪು ಮಾಡಿದೀನಿ ಅನ್ನಿಸ್ತಿದೆ.'

ನಾನು ಅವಳ ಅಪ್ಪನ ಜೊತೆ ಮಾತಾಡಿದೆ. ಸ್ಥಿತಿ ನೋಡುವ ಕೆಲಸವನ್ನು ಅವರು ತಮ್ಮ ಮೇಲೆ ಹಾಕಿಕೊಂಡರು. ಮಂಡಿಯ ಹಳೆ ಚೀಟಿಯ ಹಿಂದೆ ಎಎ00 ಅಂತ ಶುರುವಾಗುವ ಅರ್ಜಿ ಸಂಖ್ಯೆ, ಪಾಸ್‌ಪೋರ್ಟ್ ಸಂಖ್ಯೆ, ಸರ್‌ನೇಮ್‌ನ ಮೊದಲ ಐದು ಅಕ್ಷರ ಬರೆದುಕೊಂಡು ಕನ್ನಡಕದ ಹಿಂದೆ ಜೇಬಿನಲ್ಲಿಟ್ಟರು. ರಾತ್ರಿ ಊಟಕ್ಕೆ ಮುಂಚೆ ಒಂದೇ ಸಲ ನೋಡುವುದು. ಬದಲಾಗಿದ್ದರೆ ಮಾತ್ರ ಹೇಳುವುದು. ಬೇರೆ ಯಾರೂ ಆ ಮಾತು ಎತ್ತುವ ಹಾಗಿಲ್ಲ. ನೆಂಟರಿಗೆ ಹೇಳಲು ಒಂದು ಉತ್ತರ ಗೊತ್ತುಮಾಡಿಕೊಂಡರು: 'ವೀಸಾ ಪರಿಶೀಲನೆ ನಡೀತಿದೆ, ಆಗಸ್ಟ್ ಇಲ್ಲ ಅಂದ್ರೆ ಜನವರಿ.' ಜನವರಿ ಅನ್ನುವ ಪದ ಆ ಮನೆಯಲ್ಲಿ ಸಲೀಸಾಗಿ ಬರತೊಡಗಿತು. ಅದು ಸೋಲಿನ ಪದವಾಗಿ ಉಳಿಯಲಿಲ್ಲ. ಅವಳು ಮಹಡಿಯಿಂದ ಕೆಳಗೆ ಬಂದಳು.

ಅದೇ ಹೊತ್ತಿಗೆ ಬೇರೆ ಸಲಹೆಗಳೂ ಬಂದವು. 'ಜರ್ಮನಿಗೆ ಹಾಕು, ಫೀಸೇ ಇಲ್ಲ' ಅಂತ ಒಬ್ಬರು. ಜರ್ಮನಿಯೂ ಒಳ್ಳೆಯ ದಾರಿಯೇ. ಆದರೆ ಅಲ್ಲಿಗೂ ನಮ್ಮ ಅಂಕಪಟ್ಟಿ ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರ ಬೇಕು, ವರ್ಷದ ಖರ್ಚಿಗೆ ಆಗಿನ ಲೆಕ್ಕದಲ್ಲಿ 11,904 ಯೂರೋವನ್ನು, ತಿಂಗಳಿಗೆ ಇಷ್ಟೇ ಅಂತ ತೆಗೆಯಬಹುದಾದ ಬ್ಲಾಕ್ಡ್ ಅಕೌಂಟ್‌ನಲ್ಲಿಡಬೇಕು, ಅಲ್ಲಿನ ವೀಸಾಗೂ ಕಾಯಬೇಕು. ಆಗಸ್ಟ್‌ನಲ್ಲಿ ಕೂತು ದೇಶ ಬದಲಿಸಿದರೆ ಕಾಯುವುದು ತಪ್ಪುವುದಿಲ್ಲ, ಮೊದಲಿಂದ ಶುರುವಾಗುತ್ತೆ. ಆ ಮಾತನ್ನು ಅಲ್ಲಿಗೇ ಬಿಟ್ಟೆವು.

ಆಗಸ್ಟ್ 20ರ ನಂತರ

ಅವತ್ತು ಸಂಜೆ ಪುಟದಲ್ಲಿ ಅದೇ ಪದ. ಅವಳು ರಾತ್ರಿಯೇ ವಿಶ್ವವಿದ್ಯಾಲಯಕ್ಕೆ ಮುಂದೂಡಿಕೆಯ ಅರ್ಜಿ ಕಳಿಸಿದಳು. ಇಮೇಲ್ ಮೊದಲೇ ಬರೆದಿಟ್ಟಿದ್ದಳು, ದಿನಾಂಕ ತುಂಬಿ ಕಳಿಸುವುದಷ್ಟೇ ಬಾಕಿ ಇತ್ತು. ಜನವರಿಯ ಹೊಸ ಐ-20 ಬಂತು, ಸೆವಿಸ್ ಸಂಖ್ಯೆ ಅದೇ. ಚೀಟಿಯಲ್ಲಿ ಹೇಳಿದ್ದ ದಾರಿಯಲ್ಲೇ ಅದನ್ನು ವೀಸಾ ಕಚೇರಿಗೂ ಕಳಿಸಿದಳು.

ಅದೇ ಸ್ಥಿತಿಯಲ್ಲಿದ್ದ ಬೇರೆ ಕೆಲವರು ಸೆಪ್ಟೆಂಬರ್‌ವರೆಗೂ ಇವತ್ತೋ ನಾಳೆಯೋ ಅಂತ ಕಾದರು. ಅವರ ವಿಶ್ವವಿದ್ಯಾಲಯದಲ್ಲಿ ಮುಂದೂಡಿಕೆಯ ಕೊನೆಯ ದಿನ ದಾಟಿತ್ತು, ಒಬ್ಬನಿಗೆ ಹೊಸದಾಗಿ ಅರ್ಜಿ ಹಾಕು ಅಂದರು. ಅವನ ಬುದ್ಧಿಯಲ್ಲಾಗಲಿ ತಯಾರಿಯಲ್ಲಾಗಲಿ ಕೊರತೆ ಇರಲಿಲ್ಲ. ಎಲ್ಲಿ ನಿಲ್ಲಿಸಬೇಕು ಅಂತ ಅವನಿಗೆ ಯಾರೂ ಹೇಳಿರಲಿಲ್ಲ.

ಸೆಪ್ಟೆಂಬರ್‌ನಿಂದ ಅವಳು ನಮ್ಮ ಕಾಲೇಜಿನ ಒಂದು ಸಂಶೋಧನಾ ಯೋಜನೆಯಲ್ಲಿ ಸಹಾಯಕಿಯಾಗಿ ಕೆಲಸ ಮಾಡಿದಳು. ಸಂಬಳ ಕಡಿಮೆ, ಆದರೆ ಬೆಳಿಗ್ಗೆ ಎದ್ದು ಹೋಗಲು ಒಂದು ಜಾಗ. ಐಐಟಿಗಳು ನಡೆಸುವ ಆನ್‌ಲೈನ್ ಪಾಠಗಳ ತಾಣ ಎನ್‌ಪಿಟೆಲ್‌ನಲ್ಲಿ ಸಂಖ್ಯಾಶಾಸ್ತ್ರದ ಒಂದು ಕೋರ್ಸ್ ಮಾಡಿದಳು. ಪಾಠ ಉಚಿತ, ಪರೀಕ್ಷೆಗೆ 1,000 ರೂಪಾಯಿ. ಗಣಿತದಲ್ಲಿ ಅವಳು ಸ್ವಲ್ಪ ಹಿಂದೆ ಇದ್ದಳು. ಎಂ.ಎಸ್.ನ ಮೊದಲ ಸೆಮಿಸ್ಟರ್‌ಗೆ ಅದು ಕೈಹಿಡಿಯಿತು.

ಅಕ್ಟೋಬರ್‌ನಲ್ಲಿ ಒಂದು ರಾತ್ರಿ ಅಪ್ಪ ಊಟದ ತಟ್ಟೆ ಪಕ್ಕಕ್ಕೆ ಸರಿಸಿ 'ಬದ್ಲಾಗೈತಿ ನೋಡವ್ವ' ಅಂದರಂತೆ. ಅಪ್ರೂವ್ಡ್. ಕೆಲವು ದಿನಕ್ಕೆ ಪಾಸ್‌ಪೋರ್ಟ್ ಬಂತು.

ತಡದ ಬೆಲೆ

ಇದನ್ನು ಮುಚ್ಚಿಡಬಾರದು. ಮುಂದೂಡಿದ್ದಕ್ಕೆ ಬೆಲೆ ಕಟ್ಟಬೇಕಾಯಿತು.

ಮೊದಲನೆಯದು ರೂಪಾಯಿ. ಜೂನ್‌ನಲ್ಲಿ ಡಾಲರ್‌ಗೆ 86 ರೂಪಾಯಿ ಆಸುಪಾಸು ಇತ್ತು. ಡಿಸೆಂಬರ್ ಮೊದಲ ವಾರ 90 ದಾಟಿತು. ಮೊದಲ ವರ್ಷಕ್ಕೆ 20,000 ಡಾಲರ್ ಕಳಿಸಬೇಕಾದವರಿಗೆ ಬರೀ ಇದರಿಂದಲೇ 80,000 ರೂಪಾಯಿ ಜಾಸ್ತಿ. ಮಂಜೂರಾದ ಸಾಲ ರೂಪಾಯಿಯಲ್ಲಿ, ಫೀಸು ಡಾಲರ್‌ನಲ್ಲಿ. ಕೊರತೆಯನ್ನು ಅಪ್ಪ ಅಡಿಕೆ ಮಾರಿದ ದುಡ್ಡಿನಿಂದ ತುಂಬಿದರು. ಬ್ಯಾಂಕ್ ಹೊಸ ಐ-20, ಹೊಸ ಫೀಸಿನ ಪಟ್ಟಿ ಕೇಳಿ ಮಂಜೂರಾತಿಯನ್ನು ನವೀಕರಿಸಿತು. ಒಂದು ಸಮಾಧಾನ ಅಂದರೆ, 2025ರ ಏಪ್ರಿಲ್‌ನಿಂದ ಬ್ಯಾಂಕಿನ ಶಿಕ್ಷಣ ಸಾಲದ ಹಣ ಹೊರದೇಶಕ್ಕೆ ಕಳಿಸುವಾಗ ಬ್ಯಾಂಕ್ ಮೊದಲೇ ವಸೂಲಿ ಮಾಡುವ ಟಿಸಿಎಸ್ ತೆರಿಗೆಯ ಕಡಿತ ಇಲ್ಲ.

ಎರಡನೆಯದು ಓದಿನ ಲೆಕ್ಕ. ಆಗಸ್ಟ್‌ನಲ್ಲಿ ಸೇರಿದ್ದರೆ ಅವಳಿಗೆ ಒಬ್ಬ ಪ್ರಾಧ್ಯಾಪಕರ ಹತ್ತಿರ ಸಹಾಯಕಿಯ ಕೆಲಸ ಸಿಗುವ ಮಾತಿತ್ತು, ಅದು ಬೇರೆಯವರಿಗೆ ಹೋಯಿತು. ಕಂಪನಿಯಲ್ಲಿ ಇಂಟರ್ನ್‌ಶಿಪ್ ಮಾಡಲು ಬೇಕಾದ ಸಿಪಿಟಿ ಅನುಮತಿಗೆ ಸಾಮಾನ್ಯವಾಗಿ ಒಂದು ಪೂರ್ತಿ ಶೈಕ್ಷಣಿಕ ವರ್ಷ ಓದಿರಬೇಕು. ಆಗಸ್ಟ್‌ನಲ್ಲಿ ಸೇರಿದವರಿಗೆ ಮುಂದಿನ ಬೇಸಿಗೆಗೇ ಅದು ಸಿಗುತ್ತೆ. 2026ರ ಜನವರಿಯಲ್ಲಿ ಸೇರಿದವಳಿಗೆ ಆ ಬೇಸಿಗೆ ತಪ್ಪಿ, ಸಿಗುವುದು 2027ರ ಬೇಸಿಗೆ, ಅಂದರೆ ಕೊನೆಯ ಸೆಮಿಸ್ಟರ್‌ಗೆ ಮುಂಚೆ. ಜನವರಿಗೆ ಮುಂದೂಡುವವರು ಇದನ್ನು ಮೊದಲೇ ತಿಳಿದಿರಬೇಕು. ಕೆಲವರಿಗೆ ಇದೇ ಕಾರಣಕ್ಕೆ ಪೂರ್ತಿ ಒಂದು ವರ್ಷ ಮುಂದೂಡುವುದು ಉತ್ತಮ ಅನ್ನಿಸಬಹುದು. ಇವಳಿಗೆ ಮನೆಯಲ್ಲಿ ಇನ್ನೊಂದು ವರ್ಷ ಕೂರುವುದಕ್ಕಿಂತ ಜನವರಿಯೇ ಸರಿ ಅನ್ನಿಸಿತು. ನನಗೂ ಹಾಗೇ ಅನ್ನಿಸಿತ್ತು. ವಿದ್ಯಾರ್ಥಿವೇತನವನ್ನು ವಿಭಾಗ ಉಳಿಸಿಕೊಟ್ಟಿತು. ಅದಕ್ಕೆ ಕಾರಣ ಜುಲೈನಲ್ಲೇ ಬರೆದು ಕೇಳಿದ್ದು.

ಹೊಸ ಐ-20ರಲ್ಲಿರುವ ಆರಂಭದ ದಿನಕ್ಕೆ 30 ದಿನ ಮುಂಚಿನವರೆಗೆ ಮಾತ್ರ ಅಮೆರಿಕದೊಳಗೆ ಹೋಗಲು ಬಿಡುತ್ತಾರೆ. ಅದನ್ನು ನೋಡಿಕೊಂಡೇ ಟಿಕೆಟ್ ತಗೊಂಡರು, ಈ ಸಲ ದಿನಾಂಕ ಬದಲಿಸಲು ಆಗುವ ಟಿಕೆಟ್. ಜನವರಿಯಲ್ಲಿ ಬೆಂಗಳೂರಿನಿಂದ ಹೊರಟಳು. ಅಮ್ಮ ಚಟ್ನಿಪುಡಿಗಳನ್ನು ಹೊಸದಾಗಿ ಮಾಡಿಕೊಟ್ಟರು.

ನಮ್ಮ ಕಾಲೇಜಿನಲ್ಲಿ ಈಗ ಎರಡು ಕೆಲಸ ಬದಲಾಗಿವೆ. ಹೊರಗೆ ಓದುವ ಆಸೆ ಇರುವ ಮಕ್ಕಳ ಪಾಸ್‌ಪೋರ್ಟ್ ಮತ್ತು ಅಂಕಪಟ್ಟಿಯ ಹೆಸರನ್ನು ಆರನೇ ಸೆಮಿಸ್ಟರ್‌ನಲ್ಲೇ ಹೊಂದಿಸಿ ನೋಡುತ್ತೇವೆ. ಸೀಟು ಸಿಕ್ಕಿದ ಕೂಡಲೇ ಆ ನಾಲ್ಕು ಪ್ರಶ್ನೆಗಳ ಇಮೇಲ್ ಬರೆಸಿ ಕಳಿಸುತ್ತೇವೆ. ಉತ್ತರ ಬಂದ ಮೇಲೆ ಅಪ್ಪ ಅಮ್ಮನನ್ನೂ ಕರೆದು ಕೂರಿಸಿ, ಅವರ ಮನೆಯ ದಿನಾಂಕವನ್ನು ಅವರೇ ಗೊತ್ತುಮಾಡಿಕೊಳ್ಳಲಿ ಅಂತ ಬಿಡುತ್ತೇವೆ.